ಛರ್ರೆಯ ಹರವು ಮತ್ತು ನಳಿಗೆಯ ಆರೈಕೆ

ಚುನಾವಣೆ ಘೋಷಣೆಯಾದಾಗಲೆಲ್ಲ ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದಿರುವ ರೈತರಲ್ಲಿ ಬಹಳಷ್ಟು ಮಂದಿ ತಮ್ಮ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಬಂದೂಕು ವ್ಯಾಪಾರಿಯ ಬಳಿ ಠೇವಣಿ ಇಟ್ಟು ರಸೀದಿ ಪಡೆಯುತ್ತಾರೆ. ಫಲಿತಾಂಶ ಬಂದು, ಆದೇಶ ಹೊರಟು, ಬಂದೂಕು ಮರಳಿ ಮನೆಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಆ ನಡುವೆ ಒಂದು ಮಳೆಗಾಲ ಹಾದುಹೋಗಿದ್ದರೆ ನಳಿಗೆಯೊಳಗೆ ಜಂಗು ಹಿಡಿದಿರುವ ಸಾಧ್ಯತೆ ಹೆಚ್ಚು. ಖಾನಾಪುರದ ಭತ್ತದ ಗದ್ದೆಯಿಂದ ಹಿಡಿದು ಮುಧೋಳ, ಜಮಖಂಡಿಯ ಕಬ್ಬಿನ ಹೊಲದವರೆಗೆ ಕೇಳಿಬರುವ ದೂರು ಒಂದೇ: ಬಂದೂಕು ಮೊದಲಿನ ಹಾಗೆ ಹೊಡೆಯುತ್ತಿಲ್ಲ, ಛರ್ರೆ, ಅಂದರೆ ತೋಟಾದೊಳಗಿನ ಸೀಸದ ಕಾಳು, ಚೆದರಿ ಹೋಗುತ್ತಿದೆ.

ಈ ದೂರಿನಲ್ಲಿ ಎಷ್ಟು ನಿಜವಿದೆ, ನಳಿಗೆಯ ಆರೈಕೆಯಿಂದ ಎಷ್ಟು ಸರಿಹೋಗುತ್ತದೆ, ಯಾವುದು ಸರಿಹೋಗುವುದಿಲ್ಲ ಎಂಬುದನ್ನು ಬುಡದಿಂದ ವಿವರಿಸುವುದು ಈ ಲೇಖನದ ಕೆಲಸ. ಅದಕ್ಕೂ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ದೇಶದಲ್ಲಿ ಬೇಟೆ ನಿಷಿದ್ಧ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ವನ್ಯಜೀವಿಧಾಮದ ಚಿಂಕಾರ, ಬಯಲುಸೀಮೆಯ ಕೃಷ್ಣಮೃಗ ಮಾತ್ರವಲ್ಲ, ಬೆಳೆ ತಿನ್ನುವ ಕಾಡುಹಂದಿಯೂ ಆ ಕಾಯ್ದೆಯ ಅನುಸೂಚಿಯಲ್ಲಿದೆ. ಬೆಳೆ ರಕ್ಷಣೆಯ ಪರವಾನಗಿ ಎಂದರೆ ಬಂದೂಕು ಇಟ್ಟುಕೊಳ್ಳಲು ಅನುಮತಿಯೇ ಹೊರತು ಪ್ರಾಣಿಯನ್ನು ಹೊಡೆಯಲು ಅನುಮತಿಯಲ್ಲ. ಆ ಅನುಮತಿಯನ್ನು ಕಾನೂನಿನ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರಿಯಿಂದ ಬೇರೆಯಾಗಿಯೇ ಪಡೆಯಬೇಕು. ಇಲ್ಲಿನ ವಿವರಣೆ ಪರವಾನಗಿದಾರ ರೈತರಿಗೂ ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡುವ ಟ್ರ್ಯಾಪ್ ಸ್ಪರ್ಧೆಯ ಅಭ್ಯಾಸಿಗಳಿಗೂ ಸಮಾನವಾಗಿ ಅನ್ವಯಿಸುತ್ತದೆ.

ಹರವು ಎಂದರೇನು

ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ. ಅವು ಒಂದೇ ಗುಂಡನ್ನು ತಿರುಗಿಸುತ್ತ ನೇರವಾಗಿ ಕಳಿಸುತ್ತವೆ. ಛರ್ರೆ ಬಂದೂಕಿನ ನಳಿಗೆಯ ಒಳಮೈ ನುಣುಪಾಗಿರುತ್ತದೆ. ಅದರಿಂದ ಒಂದೇ ಬಾರಿಗೆ ನೂರಾರು ಸೀಸದ ಕಾಳುಗಳು ಹೊರಬಂದು, ಮುಂದೆ ಸಾಗಿದಂತೆ ಅಗಲವಾಗುತ್ತ ಹೋಗುತ್ತವೆ. ನಿರ್ದಿಷ್ಟ ದೂರದಲ್ಲಿ ಈ ಕಾಳುಗಳು ಎಷ್ಟು ಜಾಗದಲ್ಲಿ, ಎಷ್ಟು ಒತ್ತಾಗಿ, ಎಷ್ಟು ಸಮವಾಗಿ ಬೀಳುತ್ತವೆ ಎಂಬುದೇ ಹರವು. ಬಂದೂಕು ಬಲ್ಲವರು ಪ್ಯಾಟರ್ನ್ ಎನ್ನುವುದೂ ಇದನ್ನೇ.

ನಮ್ಮಲ್ಲಿ ಹೆಚ್ಚಾಗಿ ಇರುವುದು 12 ಬೋರಿನ ಒಂಟಿನಳಿಗೆ ಅಥವಾ ಜೋಡುನಳಿಗೆ ಬಂದೂಕು. ಈ 12 ಎಂಬ ಸಂಖ್ಯೆ ಹಳೆಯ ತೂಕದ ಲೆಕ್ಕದಿಂದ ಬಂದದ್ದು. ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ಸೀಸದಿಂದ ಒಂದೇ ಅಳತೆಯ 12 ಗುಂಡುಗಳನ್ನು ಮಾಡಿದರೆ, ಅವುಗಳಲ್ಲಿ ಒಂದು ಗುಂಡು ಎಷ್ಟು ದಪ್ಪವಿರುತ್ತದೆಯೋ ಅಷ್ಟೇ ನಳಿಗೆಯ ಒಳ ಅಗಲ. ಅದು ಸುಮಾರು 18.5 ಮಿ.ಮೀ. ತೋಟಾದೊಳಗೆ ಹಿಂದಿನಿಂದ ಮುಂದಕ್ಕೆ ಕ್ರಮವಾಗಿ ಕಿಡಿ ಹೊತ್ತಿಸುವ ಕ್ಯಾಪು, ಮದ್ದು, ಮದ್ದಿಗೂ ಛರ್ರೆಗೂ ನಡುವೆ ಬಿರಡೆಯಂತೆ ಕೂರುವ ವ್ಯಾಡು, ಆಮೇಲೆ ಛರ್ರೆ ಇರುತ್ತವೆ. ಛರ್ರೆಯ ಗಾತ್ರಕ್ಕೆ ಸಂಖ್ಯೆಗಳಿವೆ. 6ನೇ ನಂಬರಿನ ಕಾಳು ಸುಮಾರು 2.6 ಮಿ.ಮೀ. ದಪ್ಪವಿದ್ದು, ಒಂದು ಔನ್ಸಿಗೆ, ಅಂದರೆ ಸುಮಾರು 28 ಗ್ರಾಮಿಗೆ, ಹೆಚ್ಚುಕಡಿಮೆ 270 ಕಾಳುಗಳು ಹಿಡಿಯುತ್ತವೆ. ಎಲ್‌ಜಿ ಎಂಬ ದಪ್ಪ ಛರ್ರೆಯಾದರೆ ಅದೇ ತೂಕಕ್ಕೆ ಕೇವಲ 6.

ಮದ್ದು ಉರಿದು ಅನಿಲವಾದಾಗ ವ್ಯಾಡು ಮುಂದೆ ತಳ್ಳಲ್ಪಟ್ಟು, ಅದು ಛರ್ರೆಯನ್ನು ತಳ್ಳುತ್ತದೆ. ತೋಟಾ ಕೂರುವ ಕೋಣೆ ನಳಿಗೆಗಿಂತ ಸ್ವಲ್ಪ ಅಗಲವಾಗಿರುವುದರಿಂದ, ಎರಡರ ನಡುವೆ ಲಾಳಿಕೆಯಂತೆ ಕಿರಿದಾಗುವ ಒಂದು ಭಾಗವಿದೆ. ಛರ್ರೆ ಮೊದಲು ಆ ಲಾಳಿಕೆಯನ್ನು ದಾಟಿ, ನಳಿಗೆಯ ಉದ್ದಕ್ಕೂ ಓಡಿ, ಕೊನೆಗೆ ಬಾಯಿಯ ಹತ್ತಿರ ಇನ್ನೊಂದು ಕಿರಿದಾದ ಭಾಗವನ್ನು ಹಾದು ಹೊರಬೀಳುತ್ತದೆ. ಈ ಕೊನೆಯ ಕಿರಿದಾದ ಭಾಗವೇ ಚೋಕ್. ಹರವು ಹಾಳಾಗುವುದೂ ಸುಧಾರಿಸುವುದೂ ಬಹುಪಾಲು ಈ ಎರಡು ಇಕ್ಕಟ್ಟಿನ ಜಾಗಗಳಲ್ಲಿ ಎಂಬುದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಕೂದಲೆಳೆಯಷ್ಟು ಕಿರಿದಾದರೂ ಸಾಕು

ಜಾತ್ರೆ ಮುಗಿದು ಜನ ಊರ ಅಗಸಿಯಿಂದ ಹೊರಬರುವುದನ್ನು ನೋಡಿದವರಿಗೆ ಚೋಕಿನ ಕೆಲಸವನ್ನು ಬೇರೆ ಹೇಳಬೇಕಿಲ್ಲ. ಅಗಸಿ ಅಗಲವಾಗಿದ್ದರೆ ಹೊರಬಂದ ಕೂಡಲೇ ಜನ ದಿಕ್ಕುದಿಕ್ಕಿಗೆ ಚೆದರುತ್ತಾರೆ. ಅದು ಕಿರಿದಾಗಿದ್ದರೆ ಒಬ್ಬರ ಹಿಂದೆ ಒಬ್ಬರು ಸೇರಿಕೊಂಡು ಬಂದು, ಸ್ವಲ್ಪ ದೂರ ಗುಂಪಾಗಿಯೇ ನಡೆಯುತ್ತಾರೆ. ಚೋಕ್ ಛರ್ರೆಗೆ ಮಾಡುವುದೂ ಇದನ್ನೇ.

ಕಿರಿದಾಗುವ ಪ್ರಮಾಣ ಮಾತ್ರ ಬಹಳ ಚಿಕ್ಕದು. ಫುಲ್ ಚೋಕಿನಲ್ಲಿ ನಳಿಗೆಯ ಬಾಯಿ ಒಳ ಅಗಲಕ್ಕಿಂತ ಸುಮಾರು 1 ಮಿ.ಮೀ. ಕಿರಿದಾಗಿರುತ್ತದೆ, ಮಾಡಿಫೈಡ್ ಚೋಕಿನಲ್ಲಿ ಸುಮಾರು ಅರ್ಧ ಮಿ.ಮೀ., ಇಂಪ್ರೂವ್ಡ್ ಸಿಲಿಂಡರಿನಲ್ಲಿ ಕಾಲು ಮಿ.ಮೀ.; ಏನೂ ಕಿರಿದಾಗದೆ ನೇರವಾಗಿದ್ದರೆ ಅದು ಸಿಲಿಂಡರ್. ಜೋಡುನಳಿಗೆ ಬಂದೂಕುಗಳಲ್ಲಿ ಸಾಮಾನ್ಯವಾಗಿ ಎರಡು ನಳಿಗೆಗಳ ಚೋಕ್ ಬೇರೆಬೇರೆ ಇರುತ್ತದೆ. ಹರವನ್ನು ಅಳೆಯಲು ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಕ್ರಮದಂತೆ 40 ಗಜ, ಅಂದರೆ ಸುಮಾರು 36.5 ಮೀಟರು ದೂರದಲ್ಲಿ, 30 ಇಂಚು, ಅಂದರೆ ಸುಮಾರು 76 ಸೆಂ.ಮೀ. ಅಡ್ಡಗಲದ ವೃತ್ತದೊಳಗೆ ತೋಟಾದ ಒಟ್ಟು ಛರ್ರೆಯಲ್ಲಿ ಶೇಕಡಾ ಎಷ್ಟು ಬಿತ್ತು ಎಂದು ಎಣಿಸುತ್ತಾರೆ. ಫುಲ್ ಚೋಕಿಗೆ ಸುಮಾರು 70%, ಮಾಡಿಫೈಡ್‌ಗೆ 60%, ಇಂಪ್ರೂವ್ಡ್ ಸಿಲಿಂಡರಿಗೆ 50%, ಸಿಲಿಂಡರಿಗೆ 40% ಎಂಬುದು ರೂಢಿಯ ಲೆಕ್ಕ.

ಅರ್ಧ ಮಿಲಿಮೀಟರು ಹೆಚ್ಚುಕಡಿಮೆಯಾದರೆ ನೂರರಲ್ಲಿ ಹತ್ತು ಇಪ್ಪತ್ತು ಛರ್ರೆಗಳು ಎಲ್ಲಿ ಬೀಳುತ್ತವೆ ಎಂಬುದೇ ಬದಲಾಗುತ್ತದೆ ಎಂದಾದಾಗ, ಅದೇ ಜಾಗದಲ್ಲಿ ಪದರಪದರವಾಗಿ ಕೂತ ಮಸಿ, ಸೀಸ, ಜಂಗು ಏನು ಮಾಡಬಲ್ಲವು ಎಂಬುದನ್ನು ಊಹಿಸಬಹುದು. ಕೂರಿಗೆಯಿಂದ ಬಿತ್ತಿದವರು ಇದನ್ನು ಬಲ್ಲರು. ಬಟ್ಟಲಿಗೆ ಒಳ್ಳೆಯ ಬೀಜವನ್ನೇ ಸುರಿದರೂ, ಕೊಳವೆಯೊಳಗೆ ಎರೆಮಣ್ಣು ಮೆತ್ತಿಕೊಂಡಿದ್ದರೆ ಕಾಳು ಸಾಲಿನಲ್ಲಿ ಸಮವಾಗಿ ಬೀಳದೆ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಬೀಳುತ್ತದೆ.

ನಳಿಗೆಯೊಳಗೆ ಕೂರುವ ಕೊಳೆ ಯಾವುದು

ಕೊಳೆ ಎಂದರೆ ಒಂದೇ ವಸ್ತುವಲ್ಲ, ಪ್ರತಿಯೊಂದಕ್ಕೂ ಬೇರೆ ಗುಣವಿದೆ. ಒಂದನ್ನು ತೆಗೆಯುವ ಉಪಾಯ ಇನ್ನೊಂದಕ್ಕೆ ಸಾಲದು. ಮೊದಲನೆಯದು ಮದ್ದಿನ ಮಸಿ. ಇಂದಿನ ಹೊಗೆರಹಿತ ಮದ್ದು ಬಿಡುವ ಮಸಿ ಕಡಿಮೆ, ಅದು ತಾನಾಗಿ ಉಕ್ಕನ್ನು ತಿನ್ನುವುದಿಲ್ಲ. ಆದರೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಳೆಯ ಕರಿಮದ್ದಿನ ಸ್ವಭಾವವೇ ಬೇರೆ. ಅದು ಉರಿದ ಮೇಲೆ ಉಳಿಯುವ ಲವಣಗಳು ಗಾಳಿಯ ತೇವವನ್ನು ಎಳೆದುಕೊಂಡು, ಒಂದೆರಡು ದಿನಗಳಲ್ಲೇ ನಳಿಗೆಗೆ ಜಂಗು ಹತ್ತಿಸುತ್ತವೆ.

ಎರಡನೆಯದು ಕ್ಯಾಪಿನ ಉಪ್ಪು. ಹಳೆಯ ಕಾಲದ ಕ್ಯಾಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಆಗಿ ಉಳಿಯುತ್ತದೆ. ಇದು ನಾವು ತಿನ್ನುವ ಉಪ್ಪಿನ ಹತ್ತಿರದ ಸಂಬಂಧಿ. ಉಪ್ಪಿನಕಾಯಿಯ ಭರಣಿಗೆ ಕಬ್ಬಿಣದ ಚಮಚ ಹಾಕಿಟ್ಟರೆ ಏನಾಗುತ್ತದೋ ನಳಿಗೆಗೂ ಅದೇ ಆಗುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಆದ್ದರಿಂದ ಇಂತಹ ತೋಟಾ ಅಥವಾ ಕರಿಮದ್ದು ಬಳಸಿದ ನಳಿಗೆಯನ್ನು ಬಿಚ್ಚಿ ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ನೀರು ತಾಗಿಸಬಾರದೆಂಬ ಭಯದಿಂದ ಬರಿ ಎಣ್ಣೆ ಹಚ್ಚಿ ಇಟ್ಟವರ ಬಂದೂಕುಗಳೇ ಹೆಚ್ಚಾಗಿ ಒಳಗಿನಿಂದ ಕೊರೆದುಹೋಗಿರುತ್ತವೆ. ಇಂದಿನ ತೋಟಾಗಳ ಕ್ಯಾಪುಗಳಲ್ಲಿ ಸಾಮಾನ್ಯವಾಗಿ ಈ ದೋಷವಿಲ್ಲ.

ಮೂರನೆಯದು ಸೀಸ. ಕಾಳು ನಳಿಗೆಯ ಗೋಡೆಗೆ ಉಜ್ಜಿಕೊಂಡು ಹೋದಾಗ ತೆಳುವಾದ ಸೀಸದ ಲೇಪ ಅಲ್ಲಿಯೇ ಉಳಿಯುತ್ತದೆ, ವಿಶೇಷವಾಗಿ ಆ ಲಾಳಿಕೆಯ ಮುಂದೆ ಮತ್ತು ಚೋಕಿನಲ್ಲಿ. ಹಳೆಯ ರಟ್ಟು ಹಾಗೂ ಉಣ್ಣೆಯ ವ್ಯಾಡಿನ ತೋಟಾಗಳಲ್ಲಿ ಇದು ಹೆಚ್ಚು. ಛರ್ರೆಯನ್ನು ಬಟ್ಟಲಿನಂತೆ ಸುತ್ತಿಕೊಳ್ಳುವ ಪ್ಲಾಸ್ಟಿಕ್ ವ್ಯಾಡಿನ ತೋಟಾಗಳಲ್ಲಿ ಸೀಸ ಕಡಿಮೆಯಾಗಿ ಅದರ ಬದಲು ನಾಲ್ಕನೆಯ ಕೊಳೆ, ಅಂದರೆ ಕರಗಿ ಅಂಟಿದ ಪ್ಲಾಸ್ಟಿಕ್, ಕೂರುತ್ತದೆ. ಇದು ಬಿಳಿಚಿದ ಅಥವಾ ಹೊಗೆಬಣ್ಣದ ಉದ್ದ ಗೆರೆಗಳಾಗಿ ಕಾಣುತ್ತದೆ. ಮೇಲುಮೇಲೆ ಮಸಿ ಬಿದ್ದು ಗಟ್ಟಿಯಾದರೆ ಬರಿ ಬಟ್ಟೆಯಿಂದ ಹೋಗುವುದಿಲ್ಲ.

ಕೊನೆಯದು ಜಂಗು. ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪು ಶತಮಾನಗಳ ಮಳೆ ಬಿಸಿಲನ್ನು ಬಯಲಿನಲ್ಲಿಯೇ ತಡೆದುಕೊಂಡಿದ್ದರೂ ಅದರ ಮೈ ಇಂದಿಗೂ ನುಣುಪಾಗಿದೆ, ಏಕೆಂದರೆ ಅದು ಕಂಚಿನ ಜಾತಿಯ ಲೋಹದ್ದು. ನಮ್ಮ ಬಂದೂಕಿನ ನಳಿಗೆ ಉಕ್ಕಿನದು. ಗಾಳಿಯಲ್ಲಿನ ಸಾಪೇಕ್ಷ ಆರ್ದ್ರತೆ ಸುಮಾರು 60% ದಾಟಿತೆಂದರೆ ಉಕ್ಕಿಗೆ ಜಂಗು ಹಿಡಿಯುವ ವೇಗ ಏರುತ್ತದೆ. ಖಾನಾಪುರದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಳಿ ಅದಕ್ಕಿಂತ ಹೆಚ್ಚು ತೇವವಾಗಿರುತ್ತದೆ. ಜಂಗು ಮೇಲಿನ ಪುಡಿಯಾಗಿರುವಷ್ಟು ದಿನ ಒರೆಸಿದರೆ ಹೋಗುತ್ತದೆ. ಅದು ಕೆಳಗಿಳಿದು ಕುಳಿ ಮಾಡಿತೆಂದರೆ ಆ ಕುಳಿ ಶಾಶ್ವತ. ಪ್ರತಿ ಹೊಡೆತದಲ್ಲಿ ಅಲ್ಲಿ ಸೀಸವೂ ಪ್ಲಾಸ್ಟಿಕ್ಕೂ ಸಿಕ್ಕಿಕೊಂಡು, ನಳಿಗೆ ಬೇಗ ಕೊಳೆಯಾಗುತ್ತದೆ.

ಕೊಳೆ ಹರವನ್ನು ಕೆಡಿಸುವುದು ಹೇಗೆ

ದುಂಡಗಿರುವ ಕಾಳು ಗಾಳಿಯಲ್ಲಿ ನೇರವಾಗಿ ಹೋಗುತ್ತದೆ. ಒಂದು ಮಗ್ಗುಲು ಚಪ್ಪಟೆಯಾದ ಕಾಳು ಗಾಳಿಯ ತಡೆಗೆ ಸಿಕ್ಕು ಪಕ್ಕಕ್ಕೆ ಹೊರಳುತ್ತದೆ, ಬೇಗ ವೇಗ ಕಳೆದುಕೊಳ್ಳುತ್ತದೆ. ಹರವಿನ ಅಂಚಿನಲ್ಲಿ ಚೆದರಿ ಬೀಳುವ ಕಾಳುಗಳಲ್ಲಿ ಬಹುಪಾಲು ಇಂತಹವೇ. ಕಾಳು ಚಪ್ಪಟೆಯಾಗುವುದು ಮೂರು ಹೊತ್ತಿನಲ್ಲಿ: ಮದ್ದು ಹೊತ್ತಿದ ಕ್ಷಣದ ಧಕ್ಕೆಗೆ ತಳದ ಕಾಳುಗಳು ಒಂದಕ್ಕೊಂದು ಒತ್ತಿಕೊಂಡಾಗ, ಲಾಳಿಕೆಯಲ್ಲಿ ಇಕ್ಕಟ್ಟಾದಾಗ, ಮತ್ತು ನಳಿಗೆಯ ಗೋಡೆಗೂ ಚೋಕಿಗೂ ಉಜ್ಜಿಕೊಂಡಾಗ. ಮೊದಲನೆಯದು ತೋಟಾದ ಗುಣಕ್ಕೆ ಸೇರಿದ್ದು. ಸೀಸಕ್ಕೆ ಆಂಟಿಮನಿ ಬೆರೆಸಿ ಗಟ್ಟಿ ಮಾಡಿದ ಛರ್ರೆ ಕಡಿಮೆ ಚಪ್ಪಟೆಯಾಗುತ್ತದೆ. ನಳಿಗೆಯನ್ನು ಎಷ್ಟು ತಿಕ್ಕಿದರೂ ಮೆತ್ತನೆಯ ಛರ್ರೆ ಗಟ್ಟಿಯಾಗುವುದಿಲ್ಲ. ಆರೈಕೆಯ ಕೈಗೆ ಸಿಗುವುದು ಉಳಿದ ಎರಡು ಮಾತ್ರ.

ಒರಟಾದ ಗೋಡೆ ಕಾಳಿನ ಮೈ ಕೆರೆಯುತ್ತದೆ. ಒಂದೇ ಮಗ್ಗುಲಲ್ಲಿ ಕೂತ ಸೀಸದ ದಿಣ್ಣೆ ಛರ್ರೆಯ ಗುಂಪನ್ನು ಓರೆಯಾಗಿ ಒತ್ತುತ್ತದೆ, ಪ್ಲಾಸ್ಟಿಕ್ ವ್ಯಾಡಿನ ಬಟ್ಟಲು ಒಂದು ಕಡೆ ತಡೆದುಕೊಂಡು ಓರೆಯಾಗಿ ತೆರೆದುಕೊಳ್ಳಬಹುದು. ಹೀಗಾಗಿ ಕೊಳೆಯಾದ ನಳಿಗೆಯಲ್ಲಿ ಹೊಡೆತದಿಂದ ಹೊಡೆತಕ್ಕೆ ಹರವು ಬದಲಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ರೈತನಿಗೂ ಸ್ಪರ್ಧಿಗೂ ದೊಡ್ಡ ನಷ್ಟ ಇದೇ: ಹರವು ಸಡಿಲವಾದರೂ ಒಂದೇ ರೀತಿ ಇದ್ದರೆ ಅದಕ್ಕೆ ಹೊಂದಿಕೊಂಡು ದೂರವನ್ನು ಕಡಿಮೆ ಮಾಡಬಹುದು, ಆದರೆ ನಂಬಲಾಗದ ಹರವಿಗೆ ಹೊಂದಿಕೊಳ್ಳಲು ಬರುವುದಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನಳಿಗೆಯ ನಡುಭಾಗದಲ್ಲಿ ಅಲ್ಲಲ್ಲಿ ಸಣ್ಣ ಕುಳಿಗಳಿದ್ದ ಮಾತ್ರಕ್ಕೆ ಹರವು ಕೆಡಲೇಬೇಕೆಂದಿಲ್ಲ. ನೋಡಲು ಕುರೂಪವಾದ ನಳಿಗೆಗಳು ಕಾಗದದ ಮೇಲೆ ಒಳ್ಳೆಯ ಹರವನ್ನೇ ತೋರಿಸುವುದುಂಟು. ಚೋಕಿನಲ್ಲಿ ಆಗುವ ತಗ್ಗು ಅಥವಾ ದಿಣ್ಣೆ ಮಾತ್ರ ಹಾಗೆ ಕ್ಷಮಿಸುವಂಥದ್ದಲ್ಲ. ಬಂದೂಕನ್ನು ಟ್ರ್ಯಾಕ್ಟರಿಗೋ ಬಾಗಿಲ ಚೌಕಟ್ಟಿಗೋ ತಾಗಿಸಿ ಬಾಯಿಯ ಅಂಚು ಸ್ವಲ್ಪ ಒಳಗೆ ಬಗ್ಗಿದ್ದರೂ ಛರ್ರೆಯ ಗುಂಪು ಅಲ್ಲಿಂದ ಓರೆಯಾಗುತ್ತದೆ.

ಕಾಗದ ಮೊದಲು, ಬ್ರಷ್ ಆಮೇಲೆ

ಅಳೆಯದೆ ಸುಧಾರಣೆಯ ಮಾತಾಡುವುದು ತೂಕ ಮಾಡದೆ ಕಬ್ಬಿನ ಇಳುವರಿ ಹೇಳಿದಂತೆ. ಆದರೆ ಈ ಅಳತೆಯನ್ನು ಹೊಲದಲ್ಲಿ ಮಾಡಬಾರದು. ಅಧಿಕೃತ ಗುಂಡು ಹಾರಿಸುವ ಮೈದಾನದಲ್ಲಿ, ಅಲ್ಲಿನ ಮೇಲ್ವಿಚಾರಕರ ಸಮ್ಮುಖದಲ್ಲಿ ಮಾತ್ರ ಮಾಡಬೇಕು. ಜಿಲ್ಲೆಯ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುವಾಗ ಈ ಬಗ್ಗೆ ವಿಚಾರಿಸಬಹುದು. ಗುರಿಯ ಹಿಂದೆ ಎಷ್ಟು ಬಯಲು ಬೇಕು ಎಂಬುದಕ್ಕೆ ಒಂದು ಹಳೆಯ ಸರಳ ಲೆಕ್ಕವಿದೆ: ಸೀಸದ ಕಾಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ಹಿಡಿದು ಸುಮಾರು 80ರಿಂದ ಗುಣಿಸಿದರೆ, ಅದು ಹೆಚ್ಚೆಂದರೆ ಎಷ್ಟು ಮೀಟರು ಹೋಗಬಲ್ಲದು ಎಂಬ ಅಂದಾಜು ಸಿಗುತ್ತದೆ. 6ನೇ ನಂಬರಿನ ಕಾಳಿಗೆ ಅದು 200 ಮೀಟರಿಗೂ ಸ್ವಲ್ಪ ಹೆಚ್ಚು. ಸುಮಾರು 9 ಮಿ.ಮೀ. ದಪ್ಪದ ಎಲ್‌ಜಿಗೆ 700 ಮೀಟರಿಗೂ ಮೀರಿ. ಕಬ್ಬಿನ ಹೊಲದ ಆಚೆ ಯಾರು ನೀರು ಹಾಯಿಸುತ್ತಿದ್ದಾರೆ, ಯಾರ ಎಮ್ಮೆ ಮೇಯುತ್ತಿದೆ ಎಂಬುದು ಈಚೆಯಿಂದ ಕಾಣುವುದಿಲ್ಲ.

ಮೈದಾನದಲ್ಲಿ 120 ಸೆಂ.ಮೀ. ಚದರದ ಕಾಗದವನ್ನು ಚೌಕಟ್ಟಿಗೆ ಬಿಗಿದು, ನಡುವೆ ಒಂದು ಗುರುತು ಹಾಕಿ, ನಳಿಗೆಯ ಬಾಯಿಯಿಂದ 36.5 ಮೀಟರು ಅಳೆದು ನಿಲ್ಲಬೇಕು. ಒಂದು ಕಾಗದಕ್ಕೆ ಒಂದೇ ಹೊಡೆತ. ಆಮೇಲೆ ಛರ್ರೆ ಎಲ್ಲಿ ಹೆಚ್ಚು ಒತ್ತಾಗಿ ಬಿದ್ದಿದೆಯೋ ಅದನ್ನು ನಡುವಾಗಿಸಿ 76 ಸೆಂ.ಮೀ. ವೃತ್ತ ಎಳೆದು ತೂತುಗಳನ್ನು ಎಣಿಸಬೇಕು. ವೃತ್ತದ ನಡುವು ಗುರುತಿನಿಂದ ಬಹಳ ದೂರವಿದ್ದರೆ ಅದು ಬಂದೂಕಿನ ಗುರಿಯ ಅಥವಾ ಹೊಡೆಯುವವರ ಭಂಗಿಯ ದೋಷವೇ ಹೊರತು ಹರವಿನದಲ್ಲ, ಎರಡನ್ನೂ ಬೆರೆಸಬಾರದು. ತೋಟಾದಲ್ಲಿ 270 ಕಾಳುಗಳಿದ್ದು ವೃತ್ತದೊಳಗೆ 162 ಸಿಕ್ಕರೆ ಅದು 60%.

ಒಂದೇ ಹೊಡೆತ ನೋಡಿ ತೀರ್ಮಾನಿಸುವುದು ಸರಿಯಲ್ಲ. ಒಂದೇ ಪೆಟ್ಟಿಗೆಯ ಎರಡು ತೋಟಾಗಳ ನಡುವೆಯೂ ಹತ್ತು ಹದಿನೈದು ಕಾಳುಗಳ ವ್ಯತ್ಯಾಸ ಸಹಜ. ಪ್ರತಿ ನಳಿಗೆಗೆ ಕನಿಷ್ಠ ಐದು ಹೊಡೆತಗಳ ಸರಾಸರಿ ತೆಗೆದು, ಅದರ ಜೊತೆಗೆ ವೃತ್ತದೊಳಗೆ ಅಂಗೈ ಅಗಲದ ಖಾಲಿ ಜಾಗಗಳು ಎಷ್ಟಿವೆ ಎಂಬುದನ್ನೂ ಬರೆದಿಡಬೇಕು. ನಳಿಗೆಯೊಳಗೆ ತಡೆ, ಉಬ್ಬು, ತಗ್ಗು ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮಾತ್ರ ಹೀಗೆ ಶುಚಿ ಮಾಡುವ ಮೊದಲಿನ ಅಳತೆ ತೆಗೆಯಬಹುದು. ಶುಚಿ ಮಾಡಿದ ಮೇಲೆ ಅದೇ ಪೆಟ್ಟಿಗೆಯ ತೋಟಾಗಳಿಂದ ಮತ್ತೆ ಅಳೆದರೆ, ಕೊಳೆಯ ಪಾಲು ಎಷ್ಟಿತ್ತು ಎಂಬುದು ಕಾಗದದ ಮೇಲೆಯೇ ಕಾಣುತ್ತದೆ. ಎಲ್‌ಜಿಯಂತಹ ಬೆರಳೆಣಿಕೆಯ ಛರ್ರೆಗೆ ಈ ಶೇಕಡಾವಾರು ಲೆಕ್ಕ ಹೊಂದುವುದಿಲ್ಲ.

ಶುಚಿ ಮಾಡುವ ಕ್ರಮ

ಮೊದಲು ಬಂದೂಕು ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಬೇಕು, ತೋಟಾಗಳನ್ನು ಇನ್ನೊಂದು ಕೋಣೆಯಲ್ಲಿ ಇಡಬೇಕು. ಮಡಚುವ ಬಂದೂಕಾದರೆ ನಳಿಗೆಯನ್ನು ಬಿಚ್ಚಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಹಿಂದಿನಿಂದ ನೋಡಬೇಕು. ಕಿಟಕಿಯ ಚೌಕಟ್ಟಿನ ನೆರಳು ಒಳಗೋಡೆಯ ಮೇಲೆ ನೇರ ಗೆರೆಯಾಗಿ ಬೀಳುತ್ತದೆ. ನಳಿಗೆಯನ್ನು ನಿಧಾನವಾಗಿ ತಿರುಗಿಸಿದಾಗ ಆ ಗೆರೆ ಎಲ್ಲಿಯಾದರೂ ಮುರಿದರೆ ಅಲ್ಲಿ ತಗ್ಗಿದೆ, ಉಂಗುರದಂತಹ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಇವೆರಡರಲ್ಲಿ ಯಾವುದು ಕಂಡರೂ ಬಂದೂಕನ್ನು ಬಳಸದೆ ಪರವಾನಗಿ ಇರುವ ಬಂದೂಕು ರಿಪೇರಿಯವರಿಗೆ ತೋರಿಸಬೇಕು.

ಬಳಿಕ ನಳಿಗೆಯನ್ನು ತುಸು ಓರೆಯಾಗಿ, ಬಾಯಿ ಕೆಳಗಾಗುವಂತೆ ಇಟ್ಟು, ಬಂದೂಕು ಶುಚಿಗೊಳಿಸುವ ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ಸಲಾಕೆಯ ತುದಿಗೆ ಸಿಕ್ಕಿಸಿ ಹಿಂದಿನಿಂದ ಬಾಯಿಯ ಕಡೆಗೆ ತಳ್ಳಬೇಕು. ಬಾಯಿಯ ಕಡೆಯಿಂದ ಸಲಾಕೆ ತುರುಕಿದರೆ ಎರಡು ತೊಂದರೆಗಳಿವೆ: ಕೊಳೆಯೆಲ್ಲ ಹಿಂದಿನ ಕೀಲುಗಳಿಗೆ ಸೇರುತ್ತದೆ, ಮತ್ತು ಸಲಾಕೆಯ ಉಜ್ಜುವಿಕೆಯಿಂದ ಬಾಯಿಯ ಅಂಚು ಸವೆಯುತ್ತದೆ. ದ್ರಾವಣ ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಬೇಕು. ಈ ಕಾಯುವಿಕೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆಮೇಲೆ ದುಪ್ಪಟ್ಟು ತಿಕ್ಕುತ್ತಾರೆ. ರೊಟ್ಟಿಯ ಹಂಚಿಗೆ ಹಿಡಿದ ಕರಿಯನ್ನು ನೆನೆಹಾಕಿ ತೆಗೆಯುವ ಜಾಣತನವೇ ಇಲ್ಲಿಯೂ ಬೇಕು.

ನೆನೆದ ಮೇಲೆ 12 ಬೋರಿಗೆ ಸರಿಹೊಂದುವ ಕಂಚಿನ ತಂತಿಯ ಬ್ರಷ್ಷನ್ನು ಬಳಸಬೇಕು. ಕಂಚು ಉಕ್ಕಿಗಿಂತ ಮೆತ್ತಗಿರುವುದರಿಂದ ಕೊಳೆಯನ್ನು ಕೆರೆಯುತ್ತದೆಯೇ ಹೊರತು ನಳಿಗೆಯನ್ನು ಕೆರೆಯುವುದಿಲ್ಲ. ಬ್ರಷ್ ಪೂರ್ತಿ ಬಾಯಿಯಿಂದ ಹೊರಬಂದ ಮೇಲೆಯೇ ಹಿಂದಕ್ಕೆ ಎಳೆಯಬೇಕು. ನಡುವೆ ದಿಕ್ಕು ಬದಲಿಸಿದರೆ ತಂತಿಗಳು ಮುರಿಯುತ್ತವೆ. ಲಾಳಿಕೆಯ ಜಾಗಕ್ಕೂ ಬಾಯಿಯ ಕೊನೆಯ ಒಂದು ಗೇಣಿಗೂ ಉಳಿದ ಭಾಗಕ್ಕಿಂತ ದುಪ್ಪಟ್ಟು ಸಮಯ ಕೊಡಬೇಕು. ಆಮೇಲೆ ಒಣ ಬಟ್ಟೆ, ಮತ್ತೆ ದ್ರಾವಣ, ಮತ್ತೆ ಒಣ ಬಟ್ಟೆ. ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಹೀಗೆ ಮುಂದುವರಿಸಬೇಕು. ಬಟ್ಟೆಯ ಮೇಲೆ ಬೂದುಬಣ್ಣದ ಮಿನುಗುವ ಚೂರುಗಳು ಬಂದರೆ ಅದು ಸೀಸ. ಸೀಸ ವಿಷ, ಕೈಗವಸು ಹಾಕಿಕೊಂಡು, ಅಡುಗೆಮನೆಯಿಂದಲೂ ಮಕ್ಕಳಿಂದಲೂ ದೂರ ಕೂತು ಈ ಕೆಲಸ ಮಾಡಬೇಕು. ಮುಗಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಬೇಕು.

ಬಿಚ್ಚಿ ಹಾಕುವ ಚೋಕ್ ಇರುವ ಹೊಸ ಬಂದೂಕುಗಳಲ್ಲಿ ಚೋಕನ್ನು ತಿರುಗಿಸಿ ತೆಗೆದು, ಅದರ ಹೊರಗಿನ ತಿರುಪಿನ ಮರೆಗಳನ್ನೂ ನಳಿಗೆಯೊಳಗಿನ ಮರೆಗಳನ್ನೂ ಒರೆಸಿ, ತೆಳುವಾಗಿ ಗ್ರೀಸು ಸವರಿ, ಪೂರ್ತಿ ಬಿಗಿಯಾಗಿ ಕೂರಿಸಬೇಕು. ಸಡಿಲವಾದ ಚೋಕಿನ ಹಿಂಬದಿಯ ಸಂದಿನಲ್ಲಿ ಕೊಳೆ ಸೇರಿ ಅದು ಅಲ್ಲಿಯೇ ಕಚ್ಚಿಕೊಳ್ಳುತ್ತದೆ.

ಕೊನೆಗೆ ಬಂದೂಕಿಗೆಂದೇ ಮಾಡಿದ ಖನಿಜ ಎಣ್ಣೆಯನ್ನು ಬಟ್ಟೆಗೆ ಕೆಲವೇ ಹನಿ ಹಾಕಿ ಒಳಗೂ ಹೊರಗೂ ತೆಳುವಾಗಿ ಸವರಬೇಕು. ಇಲ್ಲಿ ನಮ್ಮ ಭಾಗದ ಒಂದು ರೂಢಿಯ ಬಗ್ಗೆ ಎಚ್ಚರಿಸಬೇಕು. ಮನೆಯಲ್ಲಿ ಗಾಣದ ಎಣ್ಣೆ ಇರುತ್ತದೆ, ಅದನ್ನೇ ಹಚ್ಚುತ್ತಾರೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದು. ಬಣ್ಣ, ವಾರ್ನಿಶ್ ತಯಾರಿಕೆಯಲ್ಲಿ ಅದನ್ನು ಬಳಸುವುದೂ ಆ ಗುಣಕ್ಕಾಗಿಯೇ. ನಳಿಗೆಯೊಳಗೆ ಅದು ಅಂಟಾಗಿ, ಆಮೇಲೆ ಕಂದು ಪದರವಾಗಿ ಕೂರುತ್ತದೆ, ಅದರ ಮೇಲೆ ಧೂಳು ಮೆತ್ತುತ್ತದೆ. ಶೇಂಗಾ ಎಣ್ಣೆ ಅಷ್ಟು ಗಟ್ಟಿಯಾಗದಿದ್ದರೂ ಕಮಟು ಹಿಡಿದು ಜಿಗುಟಾಗುತ್ತದೆ. ಸೀಮೆಎಣ್ಣೆ ಜಿಡ್ಡನ್ನು ಕರಗಿಸುತ್ತದೆ, ಆದರೆ ಉಪ್ಪನ್ನು ತೆಗೆಯುವುದಿಲ್ಲ ಮತ್ತು ಆರಿಹೋದ ಮೇಲೆ ಯಾವ ರಕ್ಷಣೆಯನ್ನೂ ಉಳಿಸುವುದಿಲ್ಲ.

ಕೈ ಹಾಕಬಾರದ ಕೆಲಸಗಳು

ಉಪ್ಪುಕಾಗದ, ಇಟ್ಟಿಗೆಯ ಪುಡಿ, ಉಕ್ಕಿನ ತಂತಿಯ ಬ್ರಷ್ ಇವುಗಳಿಂದ ಜಂಗನ್ನು ಉಜ್ಜಿದರೆ ನಳಿಗೆ ಹೊಳೆಯುತ್ತದೆ, ಆದರೆ ಜಂಗಿನೊಂದಿಗೆ ಒಳ್ಳೆಯ ಉಕ್ಕೂ ಹೋಗುತ್ತದೆ. ಗೋಡೆ ತೆಳುವಾದ ನಳಿಗೆ ಒತ್ತಡ ತಾಳದೆ ಒಡೆಯಬಹುದು. ಒಳಗೆ ಕ್ರೋಮಿಯಂ ಲೇಪವಿರುವ ನಳಿಗೆಯಲ್ಲಿ ಆ ಲೇಪವೇ ಕಿತ್ತುಹೋಗುತ್ತದೆ. ಕುಳಿಗಳನ್ನು ತೆಗೆಸಬೇಕೆಂದಿದ್ದರೆ ಗೋಡೆಯ ದಪ್ಪವನ್ನು ಅಳೆದು ಎಷ್ಟು ತೆಗೆಯಬಹುದೆಂದು ಹೇಳಬಲ್ಲ ಕುಶಲಿಗರಿಂದ ಮಾತ್ರ ಮಾಡಿಸಬೇಕು. ಎಷ್ಟೋ ಬಾರಿ ಕುಳಿಯನ್ನು ಹಾಗೆಯೇ ಬಿಟ್ಟು, ಹೆಚ್ಚು ಸಲ ಶುಚಿ ಮಾಡುವುದೇ ಉತ್ತಮ ಎಂದು ಅವರು ಹೇಳುತ್ತಾರೆ, ಆ ಮಾತನ್ನು ಕೇಳಬೇಕು.

ಬಾಯಿ ಬಗ್ಗಿದ ನಳಿಗೆಯ ತುದಿಯನ್ನು ಕತ್ತರಿಸಿ ಹಾಕುವುದು ಎರಡು ಕಾರಣಕ್ಕೆ ತಪ್ಪು. ಚೋಕ್ ಇರುವುದೇ ಆ ಕೊನೆಯ ಕೆಲವು ಸೆಂಟಿಮೀಟರುಗಳಲ್ಲಿ. ಅದನ್ನು ಕತ್ತರಿಸಿದರೆ ಫುಲ್ ಚೋಕಿನ ನಳಿಗೆ ಸಿಲಿಂಡರ್ ಆಗುತ್ತದೆ, 70% ಇದ್ದ ಹರವು 40%ಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಪರವಾನಗಿ ಇಲ್ಲದೆ ಬಂದೂಕಿನ ನಳಿಗೆಯನ್ನು ಮೋಟು ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಅಪರಾಧ. ಅದೇ ಕಾಯ್ದೆಯ 5ನೇ ಕಲಮಿನಡಿ ಬಂದೂಕು ರಿಪೇರಿಯ ವೃತ್ತಿಗೂ ಪರವಾನಗಿ ಬೇಕು. ಊರಿನ ಕಮ್ಮಾರರು ಎಷ್ಟೇ ಕೈಚಳಕದವರಾಗಿದ್ದರೂ ಅವರಿಂದ ಈ ಕೆಲಸ ಮಾಡಿಸಿ ಅವರನ್ನು ಕಷ್ಟಕ್ಕೆ ಸಿಲುಕಿಸಬಾರದು.

ತೋಟಾದ ಉದ್ದದ ವಿಷಯವನ್ನೂ ಇಲ್ಲಿಯೇ ಹೇಳುವುದು ಒಳ್ಳೆಯದು. ಹಳೆಯ ಬಂದೂಕುಗಳಲ್ಲಿ ಕೋಣೆಯ ಉದ್ದ 65 ಮಿ.ಮೀ. ಇರುವುದುಂಟು, ಇಂದಿನ ತೋಟಾಗಳಲ್ಲಿ ಹಲವು 70 ಮಿ.ಮೀ. ಕೋಣೆಗಾಗಿ ಮಾಡಿದವು. ಉದ್ದದ ತೋಟಾ ಹಳೆಯ ಕೋಣೆಯೊಳಗೆ ಕೂರಬಹುದು, ಆದರೆ ಸಿಡಿದಾಗ ಅದರ ಬಾಯಿ ಬಿಚ್ಚಿಕೊಂಡು ಲಾಳಿಕೆಯೊಳಗೆ ಚಾಚಿ ದಾರಿಯನ್ನೇ ಕಿರಿದಾಗಿಸುತ್ತದೆ. ಒತ್ತಡ ಏರುತ್ತದೆ, ಛರ್ರೆ ಚಪ್ಪಟೆಯಾಗುತ್ತದೆ. ಕೋಣೆಯ ಉದ್ದವನ್ನು ನಳಿಗೆಯ ಮೇಲಿನ ಮುದ್ರೆಯಿಂದ ಅಥವಾ ವ್ಯಾಪಾರಿಯಿಂದ ತಿಳಿದುಕೊಳ್ಳಬೇಕು.

ಠೇವಣಿ ಇಡುವ ಮುನ್ನ, ಮರಳಿ ಬಂದ ಮೇಲೆ

ಠಾಣೆಗೆ ಒಯ್ಯುವ ಹಿಂದಿನ ದಿನ ಮೇಲೆ ಹೇಳಿದ ಶುಚಿಯನ್ನು ಪೂರ್ತಿ ಮಾಡಿ, ಎಣ್ಣೆಯನ್ನು ಮಾಮೂಲಿಗಿಂತ ತುಸು ಹೆಚ್ಚಾಗಿ ಸವರಬೇಕು. ಬಂದೂಕಿನ ಸಂಖ್ಯೆಯ ಜೊತೆ ಅದರ ಸ್ಥಿತಿಯನ್ನೂ ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ತೊಗಲಿನ ಅಥವಾ ಕ್ಯಾನ್ವಾಸಿನ ಚೀಲದಲ್ಲಿ ತಿಂಗಳುಗಟ್ಟಲೆ ಇಡಬಾರದು, ಏಕೆಂದರೆ ಅವು ತೇವವನ್ನು ಹೀರಿ ಉಕ್ಕಿಗೆ ತಾಗಿಸಿಕೊಂಡು ಇರುತ್ತವೆ. ಮನೆಯಲ್ಲಿಯೂ ಬೀಗ ಹಾಕಿದ ಒಣ ಕಪಾಟಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಚೀಲಗಳೊಂದಿಗೆ, ಸಾಧ್ಯವಾದರೆ ನಳಿಗೆಯ ಬಾಯಿ ಕೆಳಗಾಗಿ ಇಟ್ಟರೆ ಎಣ್ಣೆ ಇಳಿದು ಮರದ ಹಿಡಿಕೆಗೆ ಸೇರುವುದಿಲ್ಲ. ಮಳೆಗಾಲದಲ್ಲಿ ಖಾನಾಪುರದ ಕಡೆಯವರು ಹದಿನೈದು ದಿನಕ್ಕೊಮ್ಮೆಯಾದರೂ ಒಳಗೆ ಬಟ್ಟೆ ಎಳೆದು ನೋಡಬೇಕು. ವಿಜಯಪುರ, ಇಂಡಿಯ ಕಡೆ ತೇವಕ್ಕಿಂತ ಧೂಳಿನ ಕಾಟ ಹೆಚ್ಚು. ಅಲ್ಲಿ ಎಣ್ಣೆ ಕಡಿಮೆ, ಒರೆಸುವುದು ಹೆಚ್ಚು ಇರಬೇಕು.

ಧೂಳು ಹೋಗದಿರಲೆಂದು ಬಾಯಿಗೆ ಬಟ್ಟೆ ತುರುಕುವ ಅಭ್ಯಾಸ ಕೆಲವರಿಗಿದೆ. ಅದು ತೇವವನ್ನು ಒಳಗೆ ಕೂಡಿಹಾಕುತ್ತದೆ. ಮರೆತು ಹಾಗೆಯೇ ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಬಟ್ಟೆಯಿಲ್ಲದ ಬಾಯಿಗೂ ನಮ್ಮ ಕಡೆ ಒಂದು ಅಪಾಯವಿದೆ: ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳಕ್ಕೆ ನಳಿಗೆಯಷ್ಟು ಹಿತವಾದ ತೂತು ಬೇರೊಂದಿಲ್ಲ. ಬಾಗಿಲ ಬೀಗದೊಳಗೆ, ನೀರಿನ ಪೈಪಿನೊಳಗೆ ಅದು ಗೂಡು ಕಟ್ಟಿದ್ದನ್ನು ಎಲ್ಲರೂ ಕಂಡಿದ್ದೇವೆ. ಒಣಗಿದ ಆ ಮಣ್ಣಿನ ಬಿಲ್ಲೆ 18 ಮಿ.ಮೀ. ನಳಿಗೆಯನ್ನು ಪೂರ್ತಿ ಮುಚ್ಚಬಲ್ಲದು.

ಆದ್ದರಿಂದ ಮರಳಿ ಬಂದ ಬಂದೂಕಿಗೆ ತೋಟಾ ಹಾಕುವ ಮೊದಲು ನಳಿಗೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು, ಈ ಕೊನೆಯಿಂದ ಆ ಕೊನೆಗೆ ಪೂರ್ತಿ ದುಂಡಗಿನ ಬೆಳಕು ಕಾಣುತ್ತಿದೆಯೇ ಎಂದು ನೋಡಬೇಕು. ಆಮೇಲೆ ಶುಚಿ, ಆಮೇಲೆ ಮೈದಾನದಲ್ಲಿ ಕಾಗದ. ಕಾಗದದ ಮೇಲೆ ಹರವು ಮೊದಲಿನ ಲೆಕ್ಕಕ್ಕೆ ಮರಳಿದ್ದರೆ ಬಂದೂಕಿಗೆ ಇನ್ನೇನೂ ಬೇಕಿಲ್ಲ. ಮರಳದಿದ್ದರೆ, ನಳಿಗೆಯ ಮೇಲೆ ಕೈ ಹಾಕುವ ಮುನ್ನ ಬೇರೆ ಕಂಪನಿಯ ಅಥವಾ ಬೇರೆ ನಂಬರಿನ ಛರ್ರೆಯ ತೋಟಾಗಳನ್ನು ಅದೇ ಕ್ರಮದಲ್ಲಿ ಅಳೆದು ನೋಡಬೇಕು, ಏಕೆಂದರೆ ಪ್ರತಿ ನಳಿಗೆಗೂ ಹೊಂದುವ ತೋಟಾ ಬೇರೆ. ಪ್ರತಿ ಬಾರಿ ಹೊಡೆಯುವ ಮೊದಲು ನಳಿಗೆಯೊಳಗಿನ ರಕ್ಷಣೆಯ ಎಣ್ಣೆಯನ್ನು ಒಣ ಬಟ್ಟೆಯಿಂದ ತೆಗೆಯುವುದನ್ನು ಮರೆಯಬಾರದು. ಆ ಒಂದು ಪದರ ಎಣ್ಣೆ ಇದ್ದರೂ ಮೊದಲ ಹೊಡೆತದ ಕಾಗದ ಉಳಿದ ನಾಲ್ಕರಂತೆ ಇರದಿರಬಹುದು.